ಹಾವಿಗೆ ಹುಳ ಅನ್ನುವವರು

ನಿಕ್ಕಿ ಹೇಲಿ ಅವರ ಆ ಹಳೇ ವಿಡಿಯೊ ಮೊನ್ನೆ ಮತ್ತೆ ನನ್ನ ಫೋನಿಗೆ ಬಂತು. 2023ರ ಡಿಸೆಂಬರಿನದ್ದು, ಅವರು ಅಮೆರಿಕದ ಅಧ್ಯಕ್ಷ ಹುದ್ದೆಗೆ ರಿಪಬ್ಲಿಕನ್ ಪಕ್ಷದ ಟಿಕೆಟ್ ಕೇಳುತ್ತಿದ್ದಾಗಿನ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಸಭೆಯದ್ದು. ನೀವೂ ನೋಡಿರುತ್ತೀರಿ. ಅಮೆರಿಕದ ಅಂತರ್ಯುದ್ಧಕ್ಕೆ, ಅಂದರೆ 1861ರಿಂದ 1865ರವರೆಗೆ ಉತ್ತರದ ಮತ್ತು ದಕ್ಷಿಣದ ರಾಜ್ಯಗಳು ಹೊಡೆದಾಡಿದ್ದಕ್ಕೆ, ಕಾರಣ ಏನು ಅಂತ ಒಬ್ಬ ಕೇಳುತ್ತಾನೆ. ಹೈಸ್ಕೂಲ್ ಹುಡುಗರಿಗೆ ಒಂದು ಅಂಕದ ಪ್ರಶ್ನೆ. ಮೇಡಂ ಮಾತ್ರ ಸರ್ಕಾರ ಹೇಗೆ ನಡೀಬೇಕು, ಜನರ ಸ್ವಾತಂತ್ರ್ಯ ಏನು ಅಂತ ಊರೆಲ್ಲ ಸುತ್ತಿ ಬಂದರು. ಗುಲಾಮಗಿರಿ ಅನ್ನುವ ಪದ ಬಾಯಿಗೆ ಬರಲೇ ಇಲ್ಲ. ಆತ ಅದನ್ನೇ ಎತ್ತಿ ಹೇಳಿದಾಗ, ಅದರ ಬಗ್ಗೆ ನಾನೇನು ಹೇಳಬೇಕು ಅಂತೀರಿ ಎಂದು ಇವರೇ ತಿರುಗಿ ಕೇಳಿದರು. ಆಮೇಲೆ, ಮುಂದಿನ ಪ್ರಶ್ನೆ!

ನಮ್ಮಜ್ಜಿಯೂ ಹೀಗೇ. ಕತ್ತಲಾದ ಮೇಲೆ ಹಾವನ್ನು ಹಾವು ಅನ್ನುತ್ತಿರಲಿಲ್ಲ, ಹುಳ ಅನ್ನುತ್ತಿದ್ದಳು. ಹೆಸರು ಹಿಡಿದರೆ ಬಂದುಬಿಡುತ್ತದಂತೆ. ಯಾರಿಗಾದರೂ ಕಚ್ಚಿದರೂ ಅಷ್ಟೇ, 'ಹುಳ ಮುಟ್ಟಿತಂತೆ'. ಹೇಲಿ ಅವರು ಮಾರನೇ ದಿನ, ಯುದ್ಧ ಗುಲಾಮಗಿರಿಯದ್ದೇ, ಅದರಲ್ಲೇನಿದೆ ಅಂದರು. ಬೆಳಗಾಗಿತ್ತಲ್ಲ.

ಅವರೊಬ್ಬರನ್ನೇ ಆಡಿಕೊಳ್ಳುವುದು ಸರಿಯಲ್ಲ. 2015ರಲ್ಲಿ ದಕ್ಷಿಣ ಕೆರೊಲಿನಾದ ಗವರ್ನರ್ ಆಗಿ, ವಿಧಾನಸೌಧದ ಅಂಗಳದಿಂದ ಅಂತರ್ಯುದ್ಧದಲ್ಲಿ ದಕ್ಷಿಣದವರು ಹಿಡಿದಿದ್ದ ಬಂಡಾಯದ ಬಾವುಟ ಇಳಿಸಿದ್ದು ಅವರೇ. ಈ ಹುಳದ ಸಂಪ್ರದಾಯ ಅವರಿಗಿಂತ ಬಹಳ ಹಳೆಯದು. 1787ರ ಸಂವಿಧಾನ ನೋಡಿ, ಎಷ್ಟು ಮರ್ಯಾದಸ್ಥರು ಬರೆದದ್ದು! 'ದುಡಿಮೆಗೆ ಕಟ್ಟುಬಿದ್ದ ವ್ಯಕ್ತಿ' ಇದ್ದಾನೆ. ರಾಜ್ಯಕ್ಕೆ ಸಂಸದರೆಷ್ಟು ಅಂತ ಲೆಕ್ಕ ಹಾಕುವಾಗ ಐದು ಜನಕ್ಕೆ ಮೂವರಂತೆ ಎಣಿಸಬೇಕಾದ 'ಇತರ ವ್ಯಕ್ತಿಗಳು' ಇದ್ದಾರೆ. ಗುಲಾಮ ಇಲ್ಲ. ಗುಲಾಮಗಿರಿ ಅನ್ನುವ ಪದ ಒಳಗೆ ಬರಬೇಕಾದರೆ 1865 ಆಗಬೇಕಾಯಿತು, ಅದೂ ಪದ್ಧತಿಯನ್ನೇ ತೆಗೆದುಹಾಕುವುದಕ್ಕೆ.

ನನಗೆ ಜಾಸ್ತಿ ಇಷ್ಟವಾದದ್ದು ಅಮೆರಿಕದ ಸಂಸತ್ತಿನ ಕೆಳಮನೆ 1836ರಲ್ಲಿ ಮಾಡಿಕೊಂಡ ಬಾಯಿಮುಚ್ಚು ನಿಯಮ. ಗುಲಾಮಗಿರಿ ಬಗ್ಗೆ ಯಾವ ಅರ್ಜಿ ಬಂದರೂ ಓದಬಾರದು, ಚರ್ಚಿಸಬಾರದು, ಸುಮ್ನೆ ಬದಿಗಿಡಬೇಕು. ಎಂಥ ಶಾಂತಿಪ್ರಿಯ ಸದನ ಅಲ್ವಾ? ಅಲ್ಲೊಬ್ಬ ಮುದುಕ ಇದ್ದ, ಜಾನ್ ಕ್ವಿನ್ಸಿ ಆಡಮ್ಸ್. ದೇಶದ ಅಧ್ಯಕ್ಷನಾಗಿದ್ದು ಇಳಿದ ಮೇಲೆ ಮನೆಯಲ್ಲಿ ಕೂರದೆ ಸದಸ್ಯನಾಗಿ ಬಂದಿದ್ದ. 1837ರ ಫೆಬ್ರವರಿಯಲ್ಲಿ ಎದ್ದು ನಿಂತ. 'ಸ್ವಾಮಿ, ನನ್ನ ಹತ್ತಿರ ಗುಲಾಮರೇ ಕೊಟ್ಟಂತೆ ಕಾಣುವ ಅರ್ಜಿಯೊಂದಿದೆ. ಇದೂ ನಿಯಮದೊಳಗೆ ಬರುತ್ತದೋ?' ಎಂಬಂತೆ ಕೇಳಿದ. ಸದನಕ್ಕೆ ಬೆಂಕಿ ಬಿತ್ತು. ಅರ್ಜಿ ಸುಡಿ ಅಂದರು, ಇವನಿಗೆ ಛೀಮಾರಿ ಹಾಕಿ ಅಂದರು. ಎಲ್ಲರೂ ಕೂಗಿ ದಣಿಯಲಿ ಅಂತ ಬಿಟ್ಟು, ಆಮೇಲೆ ಮುದುಕ ಅರ್ಜಿಯಲ್ಲಿ ಏನಿದೆ ಅಂತ ಹೇಳಿದ. ಗುಲಾಮಗಿರಿಯನ್ನು ತೆಗೆಯಬೇಡಿ ಅಂತ ಇತ್ತು! ಆ ನಿಯಮ 1844ರವರೆಗೆ ಬದುಕಿತ್ತು.

ಹಾವಿಗೆ ಹಾವು ಅಂದವನ ಗತಿಯೂ ಗೊತ್ತಲ್ಲ. 1856ರಲ್ಲಿ ಸೆನೆಟರ್ ಸಮ್ನರ್ ಅಂದ, ಗುಲಾಮಗಿರಿಯ ವಿರುದ್ಧ ಸೆನೆಟ್‌ನಲ್ಲಿ, ಅಂದರೆ ಸಂಸತ್ತಿನ ಮೇಲ್ಮನೆಯಲ್ಲಿ, ಭಾಷಣ ಮಾಡಿ. ದಕ್ಷಿಣ ಕೆರೊಲಿನಾದ ಸಂಸದ ಪ್ರೆಸ್ಟನ್ ಬ್ರೂಕ್ಸ್ ಸೆನೆಟ್‌ನೊಳಗೇ ಬಂದು ಬೆತ್ತ ಮುರಿಯುವ ತನಕ ಅವನ ತಲೆಗೆ ಹೊಡೆದ. ಕೋರ್ಟು 300 ಡಾಲರ್ ದಂಡ ಹಾಕಿತು. ಊರಿನವರು ಮತ್ತೆ ಗೆಲ್ಲಿಸಿದರು, ಹೊಸ ಬೆತ್ತಗಳನ್ನೂ ಕಳಿಸಿದರು. ಇನ್ನೊಬ್ಬ ಸಂಸದ ಬರ್ಲಿಂಗೇಮ್, ಬಾ, ನಯಾಗರದ ಹತ್ತಿರ ಕೆನಡಾದಲ್ಲಿ ರೈಫಲ್ ಹಿಡಿದು ನೋಡಿಕೊಳ್ಳೋಣ ಅಂದಾಗ ಮಾತ್ರ, ಅಲ್ಲಿಗೆ ಬರಲು ಉತ್ತರದ ರಾಜ್ಯಗಳನ್ನು ದಾಟಬೇಕಲ್ಲ, ಅಪಾಯ ಅಂದ ನಮ್ಮ ಶೂರ.

ವಿಡಿಯೊ ಕೆಳಗೆ ಒಬ್ಬರು ಬರೆದಿದ್ದರು, ಅದು ರಾಜ್ಯಗಳ ಹಕ್ಕಿಗಾಗಿ ನಡೆದ ಯುದ್ಧ ಅಂತ. ಹೌದಾ? 1850ರ ಕಾಯ್ದೆಯ ಪ್ರಕಾರ, ಓಡಿಹೋದ ಗುಲಾಮನನ್ನು ಹಿಡಿಯಲು ಉತ್ತರದ ಜನರೂ ಕೈಜೋಡಿಸಬೇಕಿತ್ತು. ಬೇಡ ಅನ್ನುವ ಹಕ್ಕು ಆ ರಾಜ್ಯಗಳಿಗೆ ಇರಲಿಲ್ಲ. ಹಿಡಿದವನಿಗೆ ತನ್ನ ಪರ ಸಾಕ್ಷಿ ಹೇಳುವ ಹಕ್ಕೂ ಇರಲಿಲ್ಲ. ವಿಚಾರಣೆ ಮಾಡುವ ಕಮಿಷನರ್ ಬಿಟ್ಟು ಕಳಿಸಿದರೆ ಆ ಕಮಿಷನರನಿಗೇ 5 ಡಾಲರ್ ಶುಲ್ಕ, ಯಜಮಾನನಿಗೆ ಒಪ್ಪಿಸಿದರೆ 10. ಒಪ್ಪಿಸುವುದಕ್ಕೆ ಕಾಗದಪತ್ರ ಜಾಸ್ತಿಯಂತೆ, ಪಾಪ.

ಅಮೆರಿಕದ ಒಕ್ಕೂಟ ಬಿಟ್ಟು ಯುದ್ಧಕ್ಕೆ ಇಳಿದ ದಕ್ಷಿಣದ ರಾಜ್ಯಗಳವರಿಗಾದರೂ ಈ ನಾಚಿಕೆ ಇರಲಿಲ್ಲ. 1860ರ ಡಿಸೆಂಬರಿನಲ್ಲಿ ಮೊದಲು ಹೊರನಡೆದದ್ದು ದಕ್ಷಿಣ ಕೆರೊಲಿನಾ. ಕಾರಣಗಳನ್ನು ಬರೆದೇ ಕೊಟ್ಟರು. ಗುಲಾಮಗಿರಿ, ಗುಲಾಮಗಿರಿ, ಮತ್ತೆ ಗುಲಾಮಗಿರಿ. ನಮ್ಮ ಗುಲಾಮರನ್ನು ಹಿಡಿದುಕೊಡದಂತೆ ಕಾನೂನು ಮಾಡಿಕೊಂಡಿದ್ದಾರೆ ಅಂತ ಉತ್ತರದ ರಾಜ್ಯಗಳ ಹೆಸರು ಹಿಡಿದು ದೂರಿದ್ದಾರೆ. ಆ ಪಟ್ಟಿಯಲ್ಲಿ ನ್ಯೂ ಹ್ಯಾಂಪ್‌ಶೈರ್ ಕೂಡ ಇದೆ. ಆ ಪ್ರಶ್ನೆಗೆ ಉತ್ತರ ಬರೆದಿಟ್ಟದ್ದು ಮೇಡಂ ಅವರ ರಾಜ್ಯವೇ, ಪ್ರಶ್ನೆ ಕೇಳಿದ ರಾಜ್ಯದ ಹೆಸರೂ ಅದರಲ್ಲೇ ಬರುತ್ತದೆ!

ಇನ್ನು ತಮಾಷೆ ಸಾಕು. 1860ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಗುಲಾಮರು 4 ಲಕ್ಷಕ್ಕೂ ಜಾಸ್ತಿ. ಇದ್ದ ಜನರಲ್ಲಿ ಅರ್ಧಕ್ಕಿಂತ ಹೆಚ್ಚು. ಅದೇ ವರ್ಷದ ಜನಗಣತಿಯಲ್ಲಿ ಅವರಿಗೆ ಬೇರೆ ಪಟ್ಟಿ ಇದೆ. ವಯಸ್ಸು ಬರೆದಿದ್ದಾರೆ, ಗಂಡೋ ಹೆಣ್ಣೋ ಬರೆದಿದ್ದಾರೆ, ಮೈಬಣ್ಣ ಬರೆದಿದ್ದಾರೆ. ಹೆಸರು ಬರೆದಿಲ್ಲ. ಹಾಳೆ ಮೇಲೆ ಹಾಳೆ, ಬರೀ ಅಂಕಿ. ಎರಡು ವರ್ಷದ ಮಗುವಿಗೂ ಹೆಸರಿಲ್ಲ, ಎಪ್ಪತ್ತರ ಮುದುಕಿಗೂ ಇಲ್ಲ. ಮಾಲೀಕನ ಹೆಸರು ಮಾತ್ರ ಇದೆ.