ಕಪ್ಪಗಿದ್ದರೇನೇ ಸಾರ್

ಡಿಸೆಂಬರಿನ ಒಂದು ಸಂಜೆ ನಮ್ಮ ಬಡಾವಣೆಯ ಸಾವಯವ ಅಂಗಡಿಯಲ್ಲಿ ಒಂದು ಕಿಲೋ ಬೆಲ್ಲಕ್ಕೆ 180 ರೂಪಾಯಿ ಎಣಿಸಿ ಕೊಡುತ್ತ, ಇದೇಕೆ ಇಷ್ಟು ಕಪ್ಪಗಿದೆ ಎಂದು ಕೇಳಿದ್ದೇ ನನ್ನ ತಪ್ಪಾಯಿತು. ಗಲ್ಲಾದ ಹಿಂದಿದ್ದ ಹುಡುಗ ಅಕ್ಷರಾಭ್ಯಾಸಕ್ಕೆ ಬಂದ ಮಗುವನ್ನು ನೋಡುವಂತೆ ನನ್ನನ್ನು ನೋಡಿ, "ಕಪ್ಪಗಿದ್ರೇನೇ ಸಾರ್ ಆರ್ಗ್ಯಾನಿಕ್" ಎಂದ. ಮಂಡ್ಯದ ಆಲೆಮನೆಯ ಹೊಗೆಯಲ್ಲಿ ಕಣ್ಣುಜ್ಜಿಕೊಂಡು ಬೆಳೆದವನಿಗೆ ಬೆಂಗಳೂರಿನಲ್ಲಿ ಬೆಲ್ಲದ ಪಾಠ!

ನಮ್ಮ ತಾತ ಬೆಲ್ಲ ಮಾಡುತ್ತಿದ್ದರು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯುವಾಗ ಜಜ್ಜಿದ ಬೆಂಡೆಗಿಡದ ಲೋಳೆಯನ್ನು ಬಿಟ್ಟು, ಮೇಲೆದ್ದ ಮಡ್ಡಿಯನ್ನು ಜಾಲರಿ ಸೌಟಿನಿಂದ ತೆಗೆದು, ಪಾಕದ ಹದವನ್ನು ತಣ್ಣೀರಿಗೆ ಒಂದು ಹನಿ ಹಾಕಿ ನೋಡಿ, ಅಚ್ಚಿಗೆ ಹೊಯ್ಯುತ್ತಿದ್ದರು. ಊರಿನವರೆಲ್ಲ ಬೆಲ್ಲ ಬೆಳ್ಳಗಾಗಲೆಂದು ಕೊಪ್ಪರಿಗೆಗೆ ಹೈಡ್ರೋಸ್ ಎಂಬ ರಾಸಾಯನಿಕ ಪುಡಿ ಉದುರಿಸಲು ತೊಡಗಿದ ಮೇಲೂ ತಾತ ಅದನ್ನು ಮುಟ್ಟಿರಲಿಲ್ಲ. ತತ್ವಕ್ಕಾಗಿ ಅಲ್ಲ, ಪುಡಿಗೆ ದುಡ್ಡು ಕೊಡಬೇಕಲ್ಲ ಎಂಬ ಜಿಪುಣತನಕ್ಕೆ. ಒಂದು ವರ್ಷ ಮಂಡಿಗೆ ಅವರ ಜೊತೆ ನಾನೂ ಗಾಡಿಯಲ್ಲಿ ಹೋಗಿದ್ದೆ. ದಲ್ಲಾಳಿ ಒಂದು ಅಚ್ಚನ್ನು ಎತ್ತಿಕೊಂಡು, ಹೆಬ್ಬೆರಳ ಉಗುರಿನಿಂದ ಅಂಚನ್ನು ಕೆರೆದು, ಉಗುರನ್ನು ಪಂಚೆಗೆ ಒರೆಸಿಕೊಂಡು, "ಏನ್ ಗೌಡ್ರೇ, ಬೆಲ್ಲ ತನ್ನಿ ಅಂದ್ರೆ ಟಾರು ತಂದಿದ್ದೀರಲ್ಲ" ಎಂದ. ಸುತ್ತಲಿದ್ದವರು ನಕ್ಕರು. ಅವನು ಕೂಗಿದ ಬೆಲೆಯನ್ನು ಕೇಳಿದ ತಾತ ಒಂದೂ ಮಾತಾಡದೆ ಎತ್ತುಗಳನ್ನು ಊರ ಕಡೆಗೆ ತಿರುಗಿಸಿದರು. ಆ ವರ್ಷವಿಡೀ ನಮ್ಮ ಮನೆಯ ಪಾಯಸ ಕಪ್ಪು, ಹೋಳಿಗೆಯ ಹೂರಣ ಕಪ್ಪು, ಬಾಣಂತಿ ಅತ್ತೆಯ ಅಂಟಿನುಂಡೆಯೂ ಕಪ್ಪು. ಉಳಿದದ್ದನ್ನು ಎಮ್ಮೆಯ ಬೂಸಾಕ್ಕೆ ಕಲಸಿದರು. ಮರುವರ್ಷ ತಾತ ಸದ್ದಿಲ್ಲದೆ ಹೈಡ್ರೋಸ್ ತಂದರು.

ಆದ್ದರಿಂದ ಆ ಹುಡುಗನಿಗೆ ಹೇಳಬೇಕೆಂದಿದ್ದೆ: ಬಣ್ಣ ಹೇಳುವುದು ಕೊಪ್ಪರಿಗೆಯ ಕಥೆಯನ್ನು, ಸಾವಯವವೆಂಬುದು ಹೊಲದ ಕಥೆ. ಯೂರಿಯಾ ಉಂಡ ಕಬ್ಬಿನಿಂದಲೂ ಕಪ್ಪು ಬೆಲ್ಲ ತೆಗೆಯಬಹುದು. ಸಾವಯವ ಆಹಾರದ 2017ರ ನಿಯಮಗಳ ನಂತರ ಬಂದ, ಇದು ಸಾವಯವವೇ ಎಂದು ಸಾರುವ ಜೈವಿಕ್ ಭಾರತ್ ಗುರುತನ್ನು ಪೊಟ್ಟಣದ ಮೇಲೆ ಹುಡುಕಿದೆ. ಎತ್ತಿನಗಾಡಿಯ ಚಿತ್ರವೊಂದು ಇತ್ತು. ಗುರುತನ್ನು ಪಡೆಯಬೇಕಾದ ರೈತ ರಾಸಾಯನಿಕ ಬಿಟ್ಟ ಮೇಲೂ ಎರಡು ಮೂರು ವರ್ಷ ಪರಿವರ್ತನೆಯ ಅವಧಿಯೆಂದು ಕಾಯಬೇಕು, ಇಳುವರಿ ಕುಸಿದರೂ ಸಾವಯವದ ಬೆಲೆಯನ್ನು ಕೇಳುವಂತಿಲ್ಲ. ಚಿತ್ರ ಬರೆಸುವುದಕ್ಕೆ ಅಂಥ ಕಾಯುವಿಕೆಯೇನೂ ಬೇಡ.

ಕೆಲವು ದಿನಗಳ ಮೇಲೆ ಇದನ್ನೆಲ್ಲ ಹೆಂಡತಿಗೆ ವಿವರಿಸಿದೆ. ಈ ಬೆಲ್ಲ ಬಂದ ಮೇಲೆ ತನಗೆ ಹೊಟ್ಟೆಯುಬ್ಬರ ಕಡಿಮೆಯಾಗಿದೆ, ನಿದ್ದೆಯೂ ಚೆನ್ನಾಗಿ ಬರುತ್ತಿದೆ ಎಂಬುದು ಅವಳ ಅನುಭವ. ಸ್ಟ್ಯಾನ್‌ಫರ್ಡಿನ ಸಂಶೋಧಕರು 2012ರಲ್ಲಿ ನೂರಾರು ಅಧ್ಯಯನಗಳನ್ನು ಜಾಲಾಡಿ, ಸಾವಯವ ಆಹಾರದಲ್ಲಿ ಕೀಟನಾಶಕದ ಶೇಷ ಕಡಿಮೆಯಿರುವುದು ಹೌದಾದರೂ ಪೋಷಕಾಂಶ ಹೆಚ್ಚೆನ್ನಲು ಬಲವಾದ ಆಧಾರವಿಲ್ಲ ಎಂದಿದ್ದನ್ನು ನಾನು ಓದಿ ಹೇಳಿದೆ. "ಅವರು ಈ ಬೆಲ್ಲದಲ್ಲಿ ಪಾಯಸ ಮಾಡಿ ನೋಡಿದ್ದಾರಂತಾ?" ಎಂದು ಅವಳು ಕೇಳಿದಳು. ನೋಡಿರಲಿಕ್ಕಿಲ್ಲ. ವಿಷ ಕಡಿಮೆಯೆಂಬ ನೆಮ್ಮದಿಯೂ ನಿದ್ದೆ ತರಿಸಬಲ್ಲದು ಎಂಬ ಇನ್ನೊಂದು ವಾದ ನನ್ನಲ್ಲಿತ್ತಾದರೂ ಪಾಯಸ ಆರುತ್ತಿದ್ದುದರಿಂದ ಅದನ್ನು ಅಲ್ಲಿಗೇ ಬಿಟ್ಟೆ.

ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ ಅವಳೇ ಚೀಲ ಕೈಗಿತ್ತು, "ರೀ, ಎಳ್ಳಿಗೆ ಮಾತ್ರ ಮೂಲೆ ಅಂಗಡಿಯ ಬಿಳಿ ಅಚ್ಚುಬೆಲ್ಲ ತನ್ನಿ. ಇದು ಮೆತ್ತಗೆ, ಸಣ್ಣಗೆ ಕತ್ತರಿಸೋಕೆ ಬರಲ್ಲ. ಅದೂ ಅಲ್ಲದೆ ಕಪ್ಪು ಬೆಲ್ಲ ಬೀರಿದರೆ ನಾಲ್ಕು ಜನ ಏನಂತಾರೆ?" ಎಂದಳು. ಹೋದೆ. ಅಂಗಡಿಯವನು ಮುಂದಿಟ್ಟ ಅಚ್ಚುಗಳಲ್ಲಿ ಒಂದನ್ನು ಎತ್ತಿಕೊಂಡು, ಹೆಬ್ಬೆರಳ ಉಗುರಿನಿಂದ ಅಂಚನ್ನು ಕೆರೆದು ನೋಡಿ, ಇದಕ್ಕಿಂತ ಬೆಳ್ಳಗಿರುವುದು ಇಲ್ಲವೇ ಎಂದು ಕೇಳಿದೆ.