ಸ್ಪಷ್ಟನೆ: ಕಾಗೆ ಹಾಡುಹಕ್ಕಿಯೇ, ಕೋಗಿಲೆ ಅಲ್ಲ

‘ಇಂಪಾದ ದನಿಯ ಕೋಗಿಲೆ ಹಾಡುಹಕ್ಕಿ, ಕರ್ಕಶ ಕಾಗೆ ಅಲ್ಲ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು. ‘ಹಾಡುಹಕ್ಕಿ’ ಎಂಬುದು ಜೀವವಿಜ್ಞಾನದಲ್ಲಿ ಪಕ್ಷಿಗಳ ಒಂದು ಗುಂಪಿನ ಹೆಸರು; ಈ ವರ್ಗೀಕರಣಕ್ಕೆ ಇಂಪು ಆಧಾರವಲ್ಲ. ಶ್ವಾಸನಾಳ ಎರಡಾಗಿ ಕವಲೊಡೆಯುವಲ್ಲಿರುವ ಸಿರಿಂಕ್ಸ್ ಎಂಬ ಧ್ವನಿ ಅಂಗದ ರಚನೆ ಮುಖ್ಯವೆಂದು ಜರ್ಮನ್ ಅಂಗರಚನಾ ವಿಜ್ಞಾನಿ ಯೊಹಾನೆಸ್ ಮುಲ್ಲರ್ 1840ರ ದಶಕದಲ್ಲೇ ತೋರಿಸಿದ್ದರು. ಕಾಗೆಯ ಸಿರಿಂಕ್ಸ್ ಸೀಳಿ ನೋಡಿದರೆ ನಾಲ್ಕಕ್ಕೆ ಕಡಿಮೆಯಿಲ್ಲದ ಜೋಡಿ ಒಳಸ್ನಾಯುಗಳು (ಸಿರಿಂಕ್ಸ್‌ಗೇ ಸೇರಿದ ಸ್ನಾಯುಗಳು) ಕಾಣುತ್ತವೆ. ಇವು ಶ್ವಾಸನಾಳದ ಕವಲುಗಳಲ್ಲಿರುವ ಮೃದ್ವಸ್ಥಿಯ ಅರೆ ಉಂಗುರಗಳ ಮುಂದಿನ ತುದಿಗೂ ಹಿಂದಿನ ತುದಿಗೂ ಅಂಟಿಕೊಂಡಿರುತ್ತವೆ. ಕೋಗಿಲೆಯಲ್ಲಿ ಈ ಜೋಡಣೆಯೇ ಇಲ್ಲ. ಚೆಂದದ ಬಣ್ಣದ ನವರಂಗ ಹಕ್ಕಿಯೂ ಹಾಡುಹಕ್ಕಿಗಳ ಗುಂಪಿಗೆ ಸೇರದು.

ಈ ಸ್ನಾಯುಗಳನ್ನು ಎಣಿಸುವಾಗ ಎದೆಮೂಳೆಯಿಂದ ಬರುವ ಹೊರಸ್ನಾಯುವನ್ನು ಸೇರಿಸಬೇಡಿ, ಲೆಕ್ಕ ಕೆಡುತ್ತದೆ. ಎಣಿಕೆಯೊಂದನ್ನೇ ನೆಚ್ಚಿಕೊಳ್ಳುವುದೂ ಸರಿಯಲ್ಲ: ಆಸ್ಟ್ರೇಲಿಯಾದ ಲೈರ್‌ಬರ್ಡ್‌ಗೆ ಮೂರೇ ಜೋಡಿ, ಆದರೂ ಡಿಎನ್‌ಎ ಪ್ರಕಾರ ಅದು ಹಾಡುಹಕ್ಕಿಗಳ ವಂಶವೃಕ್ಷದ ಬುಡದ ಕೊಂಬೆ.