ಖಾರ ಎಷ್ಟು ಹಾಕಲಿ ಸ್ವಾಮಿ?

ನಮ್ಮ ಬೀದಿಯ ತಿರುವಿನಲ್ಲಿ ಸಂಜೆಯಾದರೆ ಚಾಟ್ಸ್ ಗಾಡಿಯೊಂದು ಬಂದು ನಿಲ್ಲುತ್ತದೆ. ಒಂದು ತಟ್ಟೆ ಮಸಾಲೆ ಪುರಿ ಕೊಡುವ ಮೊದಲು ಅದರ ಯಜಮಾನ ಕೇಳುವ ಪ್ರಶ್ನೆಗಳು ಕಡಿಮೆಯೇನಲ್ಲ. ಖಾರ ಎಷ್ಟು ಹಾಕಲಿ ಸ್ವಾಮಿ? ಈರುಳ್ಳಿ ತಿನ್ನುತ್ತೀರಾ? ಸಿಹಿ ಚಟ್ನಿ ಇರಲೋ ಬೇಡವೋ? ಕೊತ್ತಂಬರಿ ಸೊಪ್ಪು? ಅರ್ಧ ತಿಂದ ಮೇಲೂ ಒಮ್ಮೆ ಬಗ್ಗಿ ನೋಡಿ, "ಉಪ್ಪು ಸರಿಯಾಗಿದೆಯೇ?" ಎಂದು ವಿಚಾರಿಸುತ್ತಾನೆ. ಕಳೆದ ವಾರ ಗಡಿಯಾರ ನೋಡಿಕೊಂಡೇ ನಿಂತಿದ್ದೆ. ತಟ್ಟೆ ಕೈಗೆ ಬರಲು ಎಂಟು ನಿಮಿಷ ಹಿಡಿಯಿತು.

ಎಂಟು ನಿಮಿಷ ಬಹಳವಾಯಿತು. ಅಷ್ಟು ಹೊತ್ತಿಗೆ ದೆಹಲಿಯಲ್ಲಿ ಒಂದು ಕಾನೂನು ಬೆಂದು ಕೆಳಗಿಳಿದು, ಇನ್ನೊಂದಕ್ಕೆ ಒಗ್ಗರಣೆ ಬಿದ್ದಿರುತ್ತಿತ್ತು.

ಇದು ನನ್ನ ಲೆಕ್ಕವಲ್ಲ. 2021ರ ಮುಂಗಾರು ಅಧಿವೇಶನದಲ್ಲಿ ತೃಣಮೂಲ ಕಾಂಗ್ರೆಸ್ಸಿನ ರಾಜ್ಯಸಭಾ ಸದಸ್ಯ ಡೆರೆಕ್ ಒಬ್ರಿಯಾನ್ ಹಾಕಿದ ಲೆಕ್ಕ. ಮೊದಲ ಹತ್ತು ದಿನಗಳಲ್ಲಿ 12 ಮಸೂದೆಗಳು ಅಂಗೀಕಾರವಾಗಿವೆ, ಸರಾಸರಿ ತಲಾ ಏಳು ನಿಮಿಷವೂ ಇಲ್ಲ, ಇವರು ಶಾಸನ ಮಾಡುತ್ತಿದ್ದಾರೋ ಪಾಪ್ಡಿ ಚಾಟ್ ಮಾಡುತ್ತಿದ್ದಾರೋ ಎಂದು ಅವರು ಟ್ವಿಟರ್‌ನಲ್ಲಿ ಕೇಳಿದರು. ಅದಕ್ಕೂ ಎರಡು ವರ್ಷ ಮೊದಲು, 2019ರಲ್ಲಿ, ಇದೇ ಮಹಾಶಯರು ಮಸೂದೆಗಳನ್ನು ಪಿಜ್ಜಾಕ್ಕೆ ಹೋಲಿಸಿದ್ದರು. ಎರಡೇ ವರ್ಷದಲ್ಲಿ ಪಿಜ್ಜಾದಿಂದ ಪಾಪ್ಡಿಗೆ ಬಂದದ್ದನ್ನು ಆತ್ಮನಿರ್ಭರತೆಯ ಸಾಧನೆ ಎಂದು ಸರ್ಕಾರ ಹೇಳಿಕೊಳ್ಳಬಹುದಿತ್ತು. ಹೇಳಿಕೊಳ್ಳಲಿಲ್ಲ. ಪ್ರಧಾನಿಯವರಿಗೆ ಸಿಟ್ಟು ಬಂದಿದೆ, ಇದು ಸಂಸತ್ತಿಗೆ ಮಾಡಿದ ಅವಮಾನ ಎಂದು ಅಂದಿನ ಸಂಸದೀಯ ವ್ಯವಹಾರಗಳ ಸಚಿವ, ನಮ್ಮ ಧಾರವಾಡದ ಪ್ರಲ್ಹಾದ ಜೋಶಿಯವರು ಮಾಧ್ಯಮಗಳಿಗೆ ತಿಳಿಸಿದರು. ಧಾರವಾಡದವರು! ಹಾಲನ್ನು ಗಂಟೆಗಟ್ಟಲೆ ಕೈಯಾಡಿಸಿ ಇಂಗಿಸದಿದ್ದರೆ ಪೇಡೆ ಆಗುವುದಿಲ್ಲ ಎಂಬುದನ್ನು ಆ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅವಮಾನವಾದದ್ದು ನಿಜ, ಆದರೆ ಸಂಸತ್ತಿಗಲ್ಲ, ಚಾಟ್ ಮಾಡುವವರಿಗೆ. ಮಸೂದೆಯ ಕರಡನ್ನು ಮೊದಲು ಜನರ ಮುಂದಿಟ್ಟು ಕನಿಷ್ಠ 30 ದಿನ ಅಭಿಪ್ರಾಯ ಕೇಳಬೇಕು ಎಂದು ಕೇಂದ್ರ ಸರ್ಕಾರವೇ 2014ರಲ್ಲಿ ಒಂದು ನೀತಿ ಮಾಡಿಕೊಂಡಿದೆ. ಅದು ಈಗಲೂ ಕಡತದಲ್ಲಿ ಕ್ಷೇಮವಾಗಿದೆ. ಗಾಡಿಯವನ ಬಳಿ ಅಂಥ ಲಿಖಿತ ನೀತಿಯಿಲ್ಲ. ಆದರೂ ತಿನ್ನುವವನನ್ನು ಕೇಳದೆ ಅವನು ಮೆಣಸಿನಕಾಯಿ ಚಟ್ನಿ ಸುರಿಯುವುದಿಲ್ಲ.

ಮಸೂದೆಯನ್ನು ಸಮಿತಿಗೆ ಕಳುಹಿಸುವ ಪದ್ಧತಿಯೂ ಒಂದಿದೆ. ಅಲ್ಲಿ ಕ್ಯಾಮೆರಾ ಇರುವುದಿಲ್ಲವಾದ್ದರಿಂದ ಸದಸ್ಯರು ಕೂಗಾಡುವ ಗೋಜಿಲ್ಲದೆ ಕುಳಿತು ಓದುತ್ತಾರೆ. 15ನೇ ಲೋಕಸಭೆಯಲ್ಲಿ (2009–14) ಶೇ 71ರಷ್ಟು ಮಸೂದೆಗಳು ಸಮಿತಿಗೆ ಹೋಗಿದ್ದವು. 17ನೇ ಲೋಕಸಭೆಯಲ್ಲಿ (2019–24) ಹೋದದ್ದು ಶೇ 16. ಉಳಿದವು ನೇರ ಬಾಣಲೆಗೆ. ಅದೇ ಲೋಕಸಭೆ ಐದೂ ವರ್ಷ ಉಪಸಭಾಧ್ಯಕ್ಷರಿಲ್ಲದೆ ನಡೆಯಿತು. ಸಂವಿಧಾನ ಬೇಕೆಂದ ಹುದ್ದೆಯನ್ನೇ ಭರ್ತಿ ಮಾಡಲು ಪುರಸೊತ್ತಿಲ್ಲದವರು ಮಸೂದೆಗೆ ಮಾತ್ರ ಪುರಸೊತ್ತು ಎಲ್ಲಿಂದ ತರಬೇಕು?

ಇಷ್ಟಕ್ಕೂ ಏಳು ನಿಮಿಷ ಎಂಬುದು ಹಳೆಯ ದಾಖಲೆ. 2025ರ ಆಗಸ್ಟ್ 11ರಂದು ಲೋಕಸಭೆ ಹೊಸ ಆದಾಯ ತೆರಿಗೆ ಮಸೂದೆಯನ್ನು ಅಂಗೀಕರಿಸಿತು. 1961ರ ಕಾಯ್ದೆಯ ಜಾಗಕ್ಕೆ ಬಂದ ಇದರಲ್ಲಿ ಸೆಕ್ಷನ್‌ಗಳು 536. ಹಿಡಿದದ್ದು ಮೂರು–ನಾಲ್ಕು ನಿಮಿಷ. ಸೆಕೆಂಡಿಗೆ ಎರಡು ಸೆಕ್ಷನ್‌ಗಿಂತ ಹೆಚ್ಚು. ನ್ಯಾಯವಾಗಿ ಹೇಳಬೇಕೆಂದರೆ ಇದರ ಮೊದಲ ಆವೃತ್ತಿಯನ್ನು ಆಯ್ಕೆ ಸಮಿತಿಯೊಂದು ತಿಂಗಳುಗಟ್ಟಲೆ ಶೋಧಿಸಿತ್ತು. ಆ ಭಾಗ್ಯ ಅದೇ ತಿಂಗಳ ಆನ್‌ಲೈನ್ ಗೇಮಿಂಗ್ ಮಸೂದೆಗೆ ಸಿಗಲಿಲ್ಲ. ಆಗಸ್ಟ್ 20ರಂದು ಅದು ಲೋಕಸಭೆಯಲ್ಲಿ ಹುಟ್ಟಿ ಅಂದೇ ಅಲ್ಲಿ ಪಾಸಾಯಿತು, 21ಕ್ಕೆ ರಾಜ್ಯಸಭೆ ದಾಟಿತು, 22ಕ್ಕೆ ರಾಷ್ಟ್ರಪತಿಯವರ ಅಂಕಿತ ಪಡೆಯಿತು. ಹಣ ಕಟ್ಟಿ ಬೆರಳ ತುದಿಯಲ್ಲಿ ಆಡುವ ಆಟ ಅಪಾಯಕಾರಿ ಎಂದು ಹೇಳುವ ಕಾನೂನು ಅದು. ಆಗಸ್ಟ್ ಮುಗಿಯುವ ಮೊದಲೇ ವ್ಯಾಜ್ಯ ಕರ್ನಾಟಕ ಹೈಕೋರ್ಟಿನ ಮೆಟ್ಟಿಲೇರಿತು. ಸದನದಲ್ಲಿ ಉಳಿಸಿದ ಸಮಯವನ್ನು ಹೀಗೆ ನ್ಯಾಯಾಲಯದ ಖಾತೆಗೆ ಜಮಾ ಮಾಡಲಾಗುತ್ತದೆ. ಘಟ್ಟದ ತಿರುವಿನಲ್ಲಿ "ಅವಸರವೇ ಅಪಘಾತಕ್ಕೆ ಕಾರಣ" ಎಂದು ಫಲಕ ಹಾಕುವುದೂ ಸರ್ಕಾರವೇ.

ಇನ್ನು ಧ್ವನಿಮತ. ಸದನದ ನಡುವಿನ ಬಾವಿಯಲ್ಲಿ ನೂರು ಜನ ಭಿತ್ತಿಪತ್ರ ಹಿಡಿದು, ಮಸೂದೆಗೆ ಸಂಬಂಧವೇ ಇಲ್ಲದ ಬೇರೇನನ್ನೋ ಕೂಗುತ್ತಿರುತ್ತಾರೆ. ಸಚಿವರು ಕಾಗದ ನೋಡಿ ಏನನ್ನೋ ಓದುತ್ತಾರೆ, ತುಟಿ ಅಲುಗಿದ್ದು ಮಾತ್ರ ಕಾಣುತ್ತದೆ. ಪೀಠದಲ್ಲಿರುವವರು ಪರವಾಗಿ ಇರುವವರು ಹೌದೆನ್ನಿ, ವಿರುದ್ಧ ಇರುವವರು ಇಲ್ಲವೆನ್ನಿ ಎನ್ನುತ್ತಾರೆ. ಆ ಸಂತೆಯ ಗದ್ದಲದಲ್ಲಿ "ಹೌದು" ಎಂಬುದು ಮಾತ್ರ ಅವರ ಕಿವಿಗೆ ಸ್ಪಷ್ಟವಾಗಿ ಬೀಳುತ್ತದೆ. ನಮ್ಮ ಕಡೆ ಬೇಡದ್ದು ಮಾತ್ರ ಕೇಳಿಸದ ಅಜ್ಜಂದಿರು ಇರುತ್ತಾರಲ್ಲ, ಅವರ ಕಿವಿಯೇ ಇದು.

2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಕೃಷಿ ಮಸೂದೆಗಳು ಹಾಗೆಯೇ ಪಾಸಾದವು. ತಲೆ ಎಣಿಸಿ ಎಂದು ವಿರೋಧ ಪಕ್ಷದವರು ಕೇಳಿದರು. ನಿಮ್ಮ ಆಸನದಲ್ಲಿ ಕುಳಿತು ಕೇಳಬೇಕಿತ್ತು ಎಂಬುದು ಪೀಠದ ಸಮಜಾಯಿಷಿ, ಕುಳಿತೇ ಕೇಳಿದೆವು ಎಂಬುದು ಅವರ ವಾದ. ಮರುದಿನ ಎಂಟು ಜನರನ್ನು ಅಮಾನತು ಮಾಡಲಾಯಿತು. ಅವರಲ್ಲಿ ಡೆರೆಕ್ ಇದ್ದರು, ನಮ್ಮ ಕರ್ನಾಟಕದಿಂದ ಆಯ್ಕೆಯಾದ ಸೈಯದ್ ನಾಸಿರ್ ಹುಸೇನ್ ಕೂಡ ಇದ್ದರು. ರಾತ್ರಿಯೆಲ್ಲ ಗಾಂಧಿ ಪ್ರತಿಮೆಯ ಬಳಿ ಧರಣಿ ಕುಳಿತವರಿಗೆ ಬೆಳಿಗ್ಗೆ, ಮಸೂದೆ ಪಾಸಾದಾಗ ಪೀಠದಲ್ಲಿದ್ದ ಉಪಸಭಾಪತಿ ಹರಿವಂಶ್ ಅವರು ಮನೆಯಿಂದ ಚಹಾ ಹಿಡಿದು ಬಂದರು. ಧರಣಿ ಕುಳಿತವರು ಕುಡಿಯಲಿಲ್ಲ. ಕೇಳಿದ್ದು ಮತದಾನ, ಬಂದದ್ದು ಚಹಾ. ಮುಂದೆ ಅವೇ ಕಾನೂನುಗಳನ್ನು ವಾಪಸು ಪಡೆಯುವ ಮಸೂದೆ 2021ರ ನವೆಂಬರ್ 29ರಂದು ಒಂದೇ ದಿನ ಎರಡೂ ಸದನಗಳಲ್ಲಿ ಚರ್ಚೆಯಿಲ್ಲದೆ ಪಾಸಾಯಿತು. ಬಂದಾಗ ಎಷ್ಟು ಜನ ಬೇಕೆಂದರು ಎಂದು ಎಣಿಸಲಿಲ್ಲ, ಹೋದಾಗ ಯಾಕೆ ಹೋಯಿತು ಎಂದು ಹೇಳಲಿಲ್ಲ. ಆ ನಡುವಿನ ಒಂದು ವರ್ಷ ರೈತರು ದೆಹಲಿಯ ಗಡಿಯಲ್ಲಿ ಟ್ರ್ಯಾಕ್ಟರ್‌ನ ಮೇಲೆ ಚರ್ಚೆ ನಡೆಸಿದರು.

ಇಲ್ಲಿಯವರೆಗೆ ಓದಿ ಕೆಲವು ಓದುಗರು ಖುಷಿಪಡುತ್ತಿರಬಹುದು, ಇನ್ನು ಕೆಲವರು ಹಲ್ಲು ಕಡಿಯುತ್ತಿರಬಹುದು. ಇಬ್ಬರೂ ಜಾಗ ಬದಲಾಯಿಸಿಕೊಳ್ಳಲು ಸಿದ್ಧರಾಗಿ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. 2008ರ ಡಿಸೆಂಬರ್‌ನಲ್ಲಿ, ಕಾಂಗ್ರೆಸ್ ನೇತೃತ್ವದ ಸರ್ಕಾರವಿದ್ದಾಗ, ಲೋಕಸಭೆ 17 ನಿಮಿಷಗಳಲ್ಲಿ ಎಂಟು ಮಸೂದೆಗಳನ್ನು ಮುಗಿಸಿ ಕೈತೊಳೆದುಕೊಂಡಿತ್ತು. ಅದೇ ಅಧಿವೇಶನದಲ್ಲಿ ಚರ್ಚೆಯಿಲ್ಲದೆ ಪಾಸಾದ ಮಾಹಿತಿ ತಂತ್ರಜ್ಞಾನ ತಿದ್ದುಪಡಿಯೊಳಗೆ 66ಎ ಎಂಬ ಸೆಕ್ಷನ್ ಕುಳಿತಿತ್ತು. ಫೇಸ್‌ಬುಕ್ಕಿನಲ್ಲಿ ಬರೆದವರನ್ನು ಪೊಲೀಸರು ಎಳೆದೊಯ್ಯತೊಡಗಿದ ಮೇಲೆಯೇ ದೇಶಕ್ಕೆ ಅದರ ಪರಿಚಯವಾದದ್ದು. 2015ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ಡೆರೆಕ್ ಅವರ ಸ್ವಂತ ಪಕ್ಷ ಆಳುತ್ತಿದ್ದ ಪಶ್ಚಿಮ ಬಂಗಾಳದಲ್ಲಿ 2024ರ ಸೆಪ್ಟೆಂಬರ್ 3ರಂದು ವಿಶೇಷ ಅಧಿವೇಶನ ಕರೆದು, ಅತ್ಯಾಚಾರಕ್ಕೆ ಕಠಿಣ ಶಿಕ್ಷೆ ವಿಧಿಸುವ ಅಪರಾಜಿತಾ ಮಸೂದೆಯನ್ನು ಮಂಡಿಸಿದ ದಿನವೇ ಅಂಗೀಕರಿಸಲಾಯಿತು. ಆ ದಿನ ಪಾಪ್ಡಿಯ ಪ್ರಸ್ತಾಪ ಬರಲಿಲ್ಲ.

ನಿಜ ಹೇಳಬೇಕೆಂದರೆ ಗದ್ದಲ ಎಂಬುದು ಇಬ್ಬರ ಪಾಲುದಾರಿಕೆಯ ವ್ಯಾಪಾರ. ಕೂಗಿದವನಿಗೆ ರಾತ್ರಿ ಟಿವಿಯಲ್ಲಿ ಮುಖ, ಕೂಗಿಸಿಕೊಂಡವನಿಗೆ ಪ್ರಶ್ನೆಗಳಿಲ್ಲದ ಮಸೂದೆ. ಈ ವ್ಯಾಪಾರದ ಲಾಭಾಂಶ ನೋಡಲು ದೆಹಲಿಗೆ ಟಿಕೆಟ್ ತೆಗೆಸಬೇಕಾಗಿಲ್ಲ, ವಿಧಾನಸೌಧಕ್ಕೆ ಬಂದರೆ ಸಾಕು.

2022ರ ಫೆಬ್ರವರಿ. ಬಿಜೆಪಿ ಸರ್ಕಾರ. ಮುಂದೊಂದು ದಿನ ಕೆಂಪು ಕೋಟೆಯ ಮೇಲೆ ಕೇಸರಿ ಧ್ವಜ ಹಾರೀತು ಎಂಬ ಸಚಿವ ಕೆ.ಎಸ್. ಈಶ್ವರಪ್ಪನವರ ಮಾತಿಗಾಗಿ ಕಾಂಗ್ರೆಸ್ ಶಾಸಕರು ಅಹೋರಾತ್ರಿ ಧರಣಿ ಹೂಡಿ, ಸದನದಲ್ಲೇ ಹಾಸಿಗೆ ಹಾಸಿ ಮಲಗಿದ್ದರು. ಆ ಗದ್ದಲದ ನಡುವೆ ಸಚಿವರ, ಶಾಸಕರ ವೇತನ ಹೆಚ್ಚಳದ ಮಸೂದೆಗಳು ಚರ್ಚೆಯಿಲ್ಲದೆ ಪಾಸಾದವು. ಶಾಸಕರ ಮಾಸಿಕ ವೇತನ 25,000ದಿಂದ 40,000 ರೂಪಾಯಿಗೆ ಏರಿತು.

2025ರ ಮಾರ್ಚ್ 21. ಕಾಂಗ್ರೆಸ್ ಸರ್ಕಾರ. ಈಗ ಬಿಜೆಪಿಯವರು ಕಾಗದ ಹರಿದು ಸಭಾಧ್ಯಕ್ಷರ ಮೇಲೆ ತೂರಿದರು. 18 ಶಾಸಕರು ಆರು ತಿಂಗಳಿಗೆ ಅಮಾನತಾದರು, ಮಾರ್ಷಲ್‌ಗಳು ಅವರನ್ನು ಎತ್ತಿಕೊಂಡು ಹೊರಗಿಟ್ಟರು. ಅದೇ ದಿನ, ಅದೇ ಗದ್ದಲದಲ್ಲಿ, ವೇತನ ಮಸೂದೆಗಳು ಮತ್ತೆ ಚರ್ಚೆಯಿಲ್ಲದೆ ಪಾಸಾದವು. ಶಾಸಕರಿಗೆ 40,000 ಇದ್ದದ್ದು 80,000. ಮುಖ್ಯಮಂತ್ರಿಗೆ 75,000 ಇದ್ದದ್ದು ಒಂದೂವರೆ ಲಕ್ಷ. ಹೊರಗೆ ಎತ್ತಿಡಲ್ಪಟ್ಟವರಲ್ಲಿ ಒಬ್ಬರಾದರೂ, "ಈ ಹೆಚ್ಚಳ ನಮಗೆ ಕೇಳಿಸಲೇ ಇಲ್ಲ, ಆದ್ದರಿಂದ ಬೇಡ" ಎಂದು ತಿರುಗಿಸಿ ಕೊಟ್ಟದ್ದು ನನ್ನ ಕಿವಿಗೆ ಬಿದ್ದಿಲ್ಲ.

ನಮ್ಮ ಗಾಡಿಯವನೂ ಕಳೆದ ತಿಂಗಳು ತಟ್ಟೆಗೆ ಐದು ರೂಪಾಯಿ ಏರಿಸಲು ಹೊರಟಿದ್ದ. ರಟ್ಟಿನ ಮೇಲೆ ಬರೆದು ನೇತುಹಾಕಿದ ಕ್ಷಣಕ್ಕೆ ನಿವೃತ್ತ ಮೇಷ್ಟರೊಬ್ಬರು ತಟ್ಟೆ ಕೆಳಗಿಟ್ಟು ವಿವರಣೆ ಕೇಳಿದರು. ಅವನು ಎಣ್ಣೆ, ಗ್ಯಾಸ್ ಸಿಲಿಂಡರ್, ಈರುಳ್ಳಿ ಎಂದು ಒಂದೊಂದರ ದರ ಹೇಳಿದ. ಆಟೋ ಚಾಲಕರೊಬ್ಬರು ಈರುಳ್ಳಿಯ ದರ ಇಳಿದಿದೆಯಲ್ಲ ಎಂದು ತಕರಾರೆತ್ತಿದರು. ಕಾಲೇಜು ಹುಡುಗಿಯರಿಬ್ಬರು ಪುರಿಯ ಗಾತ್ರ ಕುಗ್ಗಿರುವುದನ್ನು ಸಭೆಯ ಗಮನಕ್ಕೆ ತಂದರು. ಅರ್ಧ ಗಂಟೆ ಮಾತು ನಡೆಯಿತು, ಯಾರೂ ಯಾರ ಮೇಲೂ ಕಾಗದ ಎಸೆಯಲಿಲ್ಲ, ಅಲ್ಲಿ ಎಸೆಯಲು ಕಾಗದದ ತಟ್ಟೆಗಳು ಧಾರಾಳವಾಗಿ ಇದ್ದರೂ. ಕಡೆಗೆ ಮೂರು ರೂಪಾಯಿಗೆ ಒಪ್ಪಿಗೆಯಾಯಿತು, ಪಾನಿ ಪುರಿ ತಿಂದವರಿಗೆ ಕೊನೆಯಲ್ಲೊಂದು ಒಣ ಪುರಿ ಉಚಿತ ಎಂಬ ಮೇಷ್ಟರ ತಿದ್ದುಪಡಿಯೊಂದಿಗೆ.